ಗಾಳಿಚೀಲ ಹಿಡಿದ ಕೈ

ಡಾಕ್ಟರ್ ಗಂಗಾಂಬಿಕಾ ಅಂತ ಕೇಳಿದರೆ ಹೊಸಪೇಟೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಿಷದ ಡಾಕ್ಟ್ರಮ್ಮ ಅನ್ನಬೇಕು, ಆಗ ಚಿತ್ತವಾಡ್ಗಿಯ ಆಟೋದವನು ಬಾಡಿಗೆ ಚೌಕಾಸಿ ಮಾಡದೆ ತಂದು ಬಾಗಿಲಿಗೇ ಇಳಿಸುತ್ತಿದ್ದ. ರೈಲ್ವೆ ಸ್ಟೇಷನ್ನಿನ ಹಿಂಬದಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಆಕೆಗೆ ಹನ್ನೆರಡು ಹಾಸಿಗೆಯ ಒಂದು ವಾರ್ಡು, ಪಕ್ಕದಲ್ಲಿ ಒಂದು ಇಕ್ಕಟ್ಟಿನ ಕೋಣೆ, ಕೋಣೆಯಲ್ಲಿ ಒಂದು ಟೆಲಿಫೋನು. ಬಾಗಿಲ ಮೇಲೆ ಮಾತ್ರ ಮಾರುದ್ದದ ಬೋರ್ಡು: ವಿಷ ಚಿಕಿತ್ಸೆ ಮತ್ತು ಸಲಹಾ ಕೇಂದ್ರ. ಅದರ ಕೆಳಗೆ ಮೆಡಿಕಲ್ ಡೈರೆಕ್ಟರ್ ಅಂತ ಆಕೆಯ ಹೆಸರು. ಡೈರೆಕ್ಟರ್ ಸಾಹೇಬರು ಅಲ್ಲಿ ಏನು ಮಾಡುತ್ತಿದ್ದರಪ್ಪಾ ಅಂದರೆ, ವಾಂತಿ ಬಳಿಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ. ಆಯಾ ರಜೆ ಹಾಕಿದ ದಿನ ಅದನ್ನೂ.

ಆ ಟೆಲಿಫೋನಿಗೆ ಹಗಲು ರಾತ್ರಿ ಎಂಬುದಿರಲಿಲ್ಲ. ಕಂಪ್ಲಿಯಿಂದ, ಸಂಡೂರಿನಿಂದ, ಗಣಿಗಳ ಕ್ಯಾಂಪಿನಿಂದ ಸಣ್ಣ ಸಣ್ಣ ಡಾಕ್ಟರುಗಳು ಫೋನು ಮಾಡುತ್ತಿದ್ದರು. ಮೇಡಂ, ಗದ್ದೆಗೆ ಹೊಡೆಯುವ ಎಣ್ಣೆ ಕುಡಿದಿದ್ದಾನೆ, ಏನು ಕೊಡಲಿ. ಮೇಡಂ, ಬಾಯಲ್ಲಿ ನೊರೆ ಬರುತ್ತಿದೆ, ಎಷ್ಟು ಅಟ್ರೋಪಿನ್ ಹಾಕಲಿ. ಆಕೆ ಮೊದಲು ಕೇಳುತ್ತಿದ್ದದ್ದು ಡಬ್ಬಿ ಎಲ್ಲಿ ಅಂತ. ಡಬ್ಬಿಯನ್ನು ತಿಪ್ಪೆಗೆ ಎಸೆದು, ಕುಡಿದವನ ಬಾಯಿಗೆ ಸಗಣಿ ನೀರು ಹುಯ್ದು, ಅರ್ಧ ಜೀವ ಅಲ್ಲೇ ತೆಗೆದು ತರುವ ಜನ ಕಂಡರೆ ಆಕೆಗೆ ಪಿತ್ತ ನೆತ್ತಿಗೇರುತ್ತಿತ್ತು. ಬಾಯಿ ಭಾಳ ಜೋರು. ಕೈ ಮಾತ್ರ ಬೈಯುವಾಗಲೂ ನಿಂತದ್ದಿಲ್ಲ.

ಎರಡು ಸಾವಿರದ ಐದನೆಯ ಇಸವಿ ಅದು. ಊರಿಗೆ ಊರೇ ಅದಿರಿನ ಹುಚ್ಚು ಹಿಡಿದು ಕುಣಿಯುತ್ತಿತ್ತು. ನಿನ್ನೆ ಸಜ್ಜೆ ಬಿತ್ತಿದ ಹೊಲದಲ್ಲಿ ಇವತ್ತು ಜೆಸಿಬಿ. ಗುಡ್ಡದ ಬುಡದಲ್ಲಿ ನಾಲ್ಕು ಅಡಿ ಅಗೆದರೆ ಕಲ್ಲು ಬರುತ್ತದೆ, ಕಲ್ಲು ಚೀನಾಕ್ಕೆ ಹೋಗುತ್ತದೆ. ಆದರೆ ಹೊಲದ ಪಟ್ಟಾ ಯಾರ ಹೆಸರಿನಲ್ಲಿದೆಯೋ ಅವರ ಹೆಬ್ಬೆಟ್ಟಿಲ್ಲದೆ ಅಗೆಯುವಂತಿಲ್ಲ. ಗಂಗಾಂಬಿಕಾಳ ವಾರ್ಡಿಗೆ ಬರುವವರ ಚಹರೆಯೂ ಆಗಲೇ ಬದಲಾದದ್ದು. ಮೊದಲೆಲ್ಲ ಅತ್ತೆಯ ಮೇಲಿನ ಸಿಟ್ಟಿಗೆ, ಪರೀಕ್ಷೆ ನಪಾಸಾಗಿದ್ದಕ್ಕೆ ಕುಡಿದು ಬರುತ್ತಿದ್ದರು. ಈಗ ಬರುವವರಲ್ಲಿ ಕೆಲವರ ಪಕ್ಕೆಯ ಮೇಲೆ ಬೂಟಿನ ಗುರುತು. ಕೇಳಿದರೆ ಬಿದ್ದ, ಎಡವಿದ, ಮೆಟ್ಟಿಲು ಜಾರಿದ. ಎಷ್ಟು ಮೆಟ್ಟಿಲುಗಳಪ್ಪ ನಮ್ಮ ಸೀಮೆಯ ಹಂಚಿನ ಮನೆಗಳಿಗೆ!

ವಾರ್ಡಿನಲ್ಲಿ ಉಸಿರಾಟದ ಯಂತ್ರ ಇದ್ದದ್ದು ಎರಡೇ. ಈ ಎಣ್ಣೆ ವಿಷಕ್ಕೆ ಮದ್ದಿದೆ, ಆದರೆ ಮದ್ದು ಹತ್ತುವ ತನಕ ಉಸಿರಾಡಿಸಬೇಕು. ಒಂದು ದಿನವೂ ಆಗಬಹುದು, ಐದು ದಿನವೂ ಆಗಬಹುದು. ಮೂರನೆಯವನು ಬಂದರೆ ಏನು ಮಾಡುವುದು? ಅದಕ್ಕೆ ಗಂಗಾಂಬಿಕಾ ಒಂದು ಪದ್ಧತಿ ಹಾಕಿಕೊಂಡಿದ್ದಳು. ಗಂಟಲಿಗೆ ಕೊಳವೆ ಹಾಕಿ, ಅದರ ತುದಿಗೆ ಕುಂಬಳಕಾಯಿಯಷ್ಟು ದಪ್ಪದ ರಬ್ಬರಿನ ಗಾಳಿಚೀಲ ಸಿಕ್ಕಿಸಿ, ಚೀಲವನ್ನು ರೋಗಿಯ ಮನೆಯವರ ಕೈಗೇ ಕೊಡುವುದು. ಒತ್ತು, ಬಿಡು, ಮೂರು ಎಣಿಸು, ಮತ್ತೆ ಒತ್ತು. ಅಣ್ಣ ಸೋತರೆ ತಮ್ಮ, ತಮ್ಮ ಸೋತರೆ ಹೆಂಡತಿ. ಹೀಗೆ ಮೂರು ಹಗಲು ಮೂರು ರಾತ್ರಿ ಒತ್ತಿ ಬದುಕಿಸಿಕೊಂಡು ಹೋದವರು ಇದ್ದಾರೆ. ಬೇರೆ ಊರಿನ ಡಾಕ್ಟರುಗಳು ಬಂದು ನೋಡಿ ಬೆರಗಾಗಿದ್ದರು. ನರ್ಸಿನ ಕೈ ಸೋಲುತ್ತದೆ, ರಕ್ತಸಂಬಂಧದ ಕೈ ಸೋಲುವುದಿಲ್ಲ ಅಂತ ಆಕೆ ಎಲ್ಲರಿಗೂ ಹೇಳುತ್ತಿದ್ದಳು. ಈ ಮಾತಿನ ಮೇಲೆ ಆಕೆಗೆ ಭಾರಿ ಅಭಿಮಾನ.

ಮಾರ್ಚಿನ ಒಂದು ಮಧ್ಯಾಹ್ನ, ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದಳಷ್ಟೆ, ಹೊರಗೆ ಟ್ರ್ಯಾಕ್ಸ್ ಗಾಡಿಯೊಂದು ಕಿರುಗುಟ್ಟಿ ನಿಂತಿತು. ಪಾಪಿನಾಯಕನಹಳ್ಳಿಯ ಕಡೆಯ ಜನ. ಮೂವತ್ತರ ಆಸುಪಾಸಿನ ಹೆಂಗಸನ್ನು ಚೀಲ ಎಳೆದ ಹಾಗೆ ಎಳೆದು ತಂದು ಮೇಜಿನ ಮೇಲೆ ಹಾಕಿದರು. ಹೆಸರು ಹಂಪಕ್ಕ. ಗಂಡ ಹೋದ ವರ್ಷ ಅದಿರಿನ ಲಾರಿಗೆ ಸಿಕ್ಕು ಸತ್ತಿದ್ದಾನೆ. ಕರೆತಂದವನು ಗಂಡನ ಅಣ್ಣ ಸುಂಕಪ್ಪ, ಲಾರಿಗಳಿಗೆ ಅದಿರು ತುಂಬಿಸುವ ಗುತ್ತಿಗೆದಾರ. ಬಿಳಿ ಅಂಗಿ ಎದೆಯ ತನಕ ತೊಯ್ದಿತ್ತು. ಗಂಡನ ಕೊರಗಿನಲ್ಲಿ ಹತ್ತಿಗೆ ಹೊಡೆಯುವ ಎಣ್ಣೆ ಕುಡಿದುಬಿಟ್ಟಳು, ನಾನೇ ಎತ್ತಿ ತಂದೆ, ನನ್ನ ಮೇಲೆಲ್ಲ ಕಾರಿದಳು ಅಂತ ಅಳುವ ದನಿಯಲ್ಲಿ ಹೇಳಿದ. ಡಬ್ಬಿಯನ್ನೂ ತಂದಿದ್ದ. ಡಬ್ಬಿ ಕಂಡು ಗಂಗಾಂಬಿಕಾಳಿಗೆ ಅವನ ಮೇಲೆ ಒಳ್ಳೆಯ ಅಭಿಪ್ರಾಯವೇ ಬಂತು, ನೋಡಿ. ಅಪರೂಪಕ್ಕೆ ಒಬ್ಬ ಬುದ್ಧಿವಂತ ಅಂದುಕೊಂಡಳು.

ಹಂಪಕ್ಕನ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಬಾಯಿಂದ ನೊರೆ, ಎದೆಯಲ್ಲಿ ಗೊರಗೊರ. ತುಟಿ ಸೀಳಿ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. ಬೀಳುವಾಗ ಹೊಸ್ತಿಲಿಗೆ ತಾಗಿತು ಅಂದ ಸುಂಕಪ್ಪ. ವಿಚಾರಿಸುತ್ತ ಕೂರಲು ಸಮಯವೆಲ್ಲಿ? ಗಂಗಾಂಬಿಕಾ ರಕ್ತ ಒರೆಸಿ, ನೊರೆ ಎಳೆದು, ಕೊಳವೆ ಹಾಕಿದಳು. ಎರಡೂ ಯಂತ್ರಗಳ ಮೇಲೆ ಬೇರೆಯವರಿದ್ದರು. ಪದ್ಧತಿಯಂತೆ ಗಾಳಿಚೀಲವನ್ನು ಭಾವನ ಕೈಗೆ ಕೊಟ್ಟಳು. ಒತ್ತುವುದನ್ನು ಹೇಳಿಕೊಟ್ಟಳು. ಅವನು ನಾಲ್ಕು ಸಲ ಚೆನ್ನಾಗಿ ಒತ್ತಿ ತೋರಿಸಿದ. ಶಹಬ್ಬಾಸ್ ಅಂದು ಆಕೆ ಮದ್ದಿನ ಲೆಕ್ಕ ಬರೆಯಲು ಮೇಜಿಗೆ ಹೋದಳು.

ಆಯಾ ಜಂಬವ್ವ ಬಕೆಟ್ಟಿನಲ್ಲಿ ಸೋಪಿನ ನೀರು ತಂದು ಹಂಪಕ್ಕನ ತಲೆ ತೊಳೆಯತೊಡಗಿದಳು. ಈ ವಿಷ ಕೂದಲಲ್ಲಿ ಕೂತು ಚರ್ಮದಿಂದ ಒಳಗಿಳಿಯುತ್ತದೆ, ತೊಳೆಯಲೇಬೇಕು. ಜಂಬವ್ವ ಇಪ್ಪತ್ತು ವರ್ಷದಿಂದ ವಿಷ ಕುಡಿದವರ ತಲೆ ತೊಳೆದವಳು. ಎಡಗಿವಿಗೆ ಬಟ್ಟೆ ಹಾಕಿದಳು, ಹಳದಿ ಎಣ್ಣೆ ಬಂತು. ಬಲಗಿವಿಗೆ ಹಾಕಿದಳು, ಅಲ್ಲೂ ಎಣ್ಣೆ. ಹಿಂದಲೆಯ ಕೂದಲು ಜಿಗಿಜಿಗಿ ಅನ್ನುತ್ತಿತ್ತು. ಸೀರೆ ಸಡಿಲಿಸಿದರೆ ಎದೆಯ ಮೂಳೆಯ ಮೇಲೆ ಮೊಣಕಾಲಿನಷ್ಟಗಲ ನೀಲಿ. ಆಕೆ ಬಕೆಟ್ಟು ಅಲ್ಲೇ ಬಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಡಾಕ್ಟ್ರಮ್ಮನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು.

"ಮೇಡಂ, ತಾನಾಗಿ ಕುಡದೋರ ಕಿವ್ಯಾಗ ವಿಷ ಹೆಂಗ ಹೊಕ್ಕೀತ್ರೀ? ಈಕಿನ್ನ ಅಂಗಾತ ಕೆಡವಿ ಹುಯ್ದಾರ."

ಗಂಗಾಂಬಿಕಾ ಪೆನ್ನು ಕೆಳಗಿಟ್ಟಳು. ತಿರುಗಿ ನೋಡಿದಳು. ಸುಂಕಪ್ಪ ತಲೆ ತಗ್ಗಿಸಿ, ಹೇಳಿಕೊಟ್ಟ ಹಾಗೆಯೇ ಎಣಿಸುತ್ತ ಚೀಲ ಒತ್ತುತ್ತಿದ್ದ. ಚೀಲ ಕುಗ್ಗುತ್ತಿತ್ತು, ಹಿಗ್ಗುತ್ತಿತ್ತು. ಆದರೆ ಹಂಪಕ್ಕನ ಎದೆ ಏಳುತ್ತಿರಲಿಲ್ಲ. ಬರೀ ಎರಡು ಬೆರಳಲ್ಲಿ, ನೋಡುವವರ ಕಣ್ಣಿಗೆ ಸಾಕಾಗುವಷ್ಟು ಮಾತ್ರ ಅದುಮುತ್ತಿದ್ದ ಭಾಡ್ಕಾವ್. ಅವಳ ಉಗುರು ಆಗಲೇ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಕುರಿ ಕಾಯಲು ತೋಳನನ್ನು ನಿಲ್ಲಿಸಿದ್ದಳು ನಮ್ಮ ಮೆಡಿಕಲ್ ಡೈರೆಕ್ಟರು, ಅದೂ ತನ್ನ ಕೈಯಾರೆ ಚೀಲ ಕೊಟ್ಟು, ಶಹಬ್ಬಾಸ್ ಅಂತ ಬೇರೆ ಹೇಳಿ!

ಸುಮ್ಮನೆ ನರ್ಸನ್ನು ಕರೆದು, ನಯವಾಗಿ ಚೀಲ ಬಿಡಿಸಿಕೊಂಡು, ಒಳಗೆ ಹೋಗಿ ಪೊಲೀಸರಿಗೆ ಫೋನು ಮಾಡಿದ್ದರೆ ಕೆಲಸ ಹಗುರಾಗುತ್ತಿತ್ತು. ಆದರೆ ಆಕೆಯ ಸಿಟ್ಟಿಗೆ ಬುದ್ಧಿ ಎಲ್ಲಿಂದ ಬರಬೇಕು? ಓಡಿಹೋಗಿ ಅವನ ಎದೆಗೆ ಎರಡೂ ಕೈ ಕೊಟ್ಟು ನೂಕಿದಳು. ಚೀಲ ಕಿತ್ತುಕೊಂಡು ತಾನೇ ಒತ್ತತೊಡಗಿದಳು. ಐದಾರು ಸಲ ಒತ್ತುವಷ್ಟರಲ್ಲಿ ಹಂಪಕ್ಕನ ಉಗುರಿಗೆ ಬಣ್ಣ ಬಂತು.

"ಕೊಲ್ಲಾಕ ಬಂದೀಯೇನಲೇ, ನನ್ನ ವಾರ್ಡಿನ್ಯಾಗ?" ಅಂದಳು.

ಅಷ್ಟು ಸಾಕಾಯಿತು. ಸುಂಕಪ್ಪ ಕಿಟಕಿಗೆ ಹೋಗಿ ಕೂಗು ಹಾಕಿದ. ಈ ಡಾಕ್ಟ್ರು ಕೈಲಾಗದೆ ನಮ್ಮ ಮೇಲೆ ಹಾಕುತ್ತಿದ್ದಾಳೆ, ನಾವು ಬಳ್ಳಾರಿಗೆ ಒಯ್ಯುತ್ತೇವೆ, ಎತ್ತಿರಲೇ ಅಂದ. ಬಳ್ಳಾರಿ ಅರವತ್ತು ಕಿಲೋಮೀಟರು. ಅದಿರು ಲಾರಿಗಳ ಸಾಲಿನಲ್ಲಿ ಮೂರು ತಾಸಿನ ದಾರಿ. ಚೀಲ ಒತ್ತದೆ ಹಂಪಕ್ಕ ಊರ ಗಡಿಯನ್ನೂ ದಾಟುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಟ್ರ್ಯಾಕ್ಸ್‌ನಲ್ಲಿದ್ದ ಆರು ಜನ ನುಗ್ಗಿದರು. ಒಬ್ಬನ ಕೈಯಲ್ಲಿ ಜಾಕಿನ ರಾಡು, ಇಬ್ಬರ ಕೈಯಲ್ಲಿ ಸಲಿಕೆಯ ಕಾವು. ಬಾಗಿಲಲ್ಲಿ ಅಡ್ಡ ನಿಂತ ಕಾವಲುಗಾರನ ತಲೆ ಒಡೆದು ರಕ್ತ ಕಣ್ಣಿಗಿಳಿಯಿತು. ಮದ್ದಿನ ಬೀರುವಿನ ಗಾಜು ಚೂರಾಯಿತು. ಅಟ್ರೋಪಿನ್ನಿನ ಒಂದು ಡಬ್ಬವೇ ನೆಲಕ್ಕೆ ಬಿದ್ದು ಕಾಲಡಿ ಪುಡಿಪುಡಿಯಾಯಿತು. ಗಂಜಿ ಕುಡಿಯುತ್ತಿದ್ದ ರೋಗಿಗಳು ಬಟ್ಟಲು ಬಿಟ್ಟು ಮಂಚದ ಕೆಳಗೆ ತೂರಿದರು. ನರ್ಸೊಬ್ಬಳು ಡ್ರಿಪ್ಪಿನ ಕಂಬ ಹಿಡಿದು ಬೀಸಿದಳು, ಅದನ್ನು ಕಿತ್ತುಕೊಂಡು ಅವಳ ಬೆನ್ನಿಗೇ ಬಾರಿಸಿದರು.

ಗಂಗಾಂಬಿಕಾ ಚೀಲ ಬಿಡಲಿಲ್ಲ. ಎಡಗೈಯಲ್ಲಿ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಬಲಗೈಯಲ್ಲಿ ಒತ್ತುತ್ತಿದ್ದಳು. ರಾಡಿನವನು ಬಿಡಲೇ ಅಂದ. ಆಕೆ ಬಿಡಲಿಲ್ಲ. ಅವನು ಕಂಬಿಯ ಮೇಲಿದ್ದ ಎಡಗೈಗೆ ಕುಟ್ಟಿದ. ಎರಡು ಬೆರಳು ಮುರಿದ ಸದ್ದು ಆಕೆಗೇ ಕೇಳಿಸಿತು. ಬಾಯಿಂದ ಬಂದದ್ದು ಕೂಗಲ್ಲ, ಅವನ ಹುಟ್ಟಿಗೆ ಸಂಬಂಧಪಟ್ಟ ಒಂದು ಬೈಗುಳ. ಅದನ್ನು ಇಲ್ಲಿ ಬರೆಯುವಂತಿಲ್ಲ. ಕಣ್ಣು ಕತ್ತಲೆಗಟ್ಟಿತು. ಬಲಗೈ ಮಾತ್ರ ಒತ್ತುತ್ತಲೇ ಇತ್ತು.

ಆಗ ಮೇಲೆದ್ದವನು ಕಂಪ್ಲಿಯ ಉಜ್ಜಿನಪ್ಪ. ಗದ್ದೆಗೆ ಎಣ್ಣೆ ಹೊಡೆಯುತ್ತ ಬಿದ್ದಿದ್ದ ಹೆಂಡತಿಗೆ ಇದೇ ವಾರ್ಡಿನಲ್ಲಿ ಎರಡು ದಿನ ಗಾಳಿಚೀಲ ಒತ್ತಿ ಬದುಕಿಸಿಕೊಂಡಿದ್ದ ಕೂಲಿಯವನು. ಒಂದು ಮಾತೂ ಆಡದೆ ಬಂದು, ಡಾಕ್ಟ್ರಮ್ಮನ ಕೈ ಕೆಳಗೆ ಕೈಯಿಟ್ಟು ಚೀಲ ತೆಗೆದುಕೊಂಡ. ಬೆನ್ನನ್ನು ರಾಡಿನ ಕಡೆಗೆ ತಿರುಗಿಸಿ, ಹಂಪಕ್ಕನ ಮೇಲೆ ಬಾಗಿ ನಿಂತ. ಬೆನ್ನಿಗೆ ಬಿದ್ದವು, ಎರಡು ಬಿದ್ದವು, ಮೂರು ಬಿದ್ದವು. ಅವನು ಎಣಿಸಿದ್ದು ಮಾತ್ರ ಹಂಪಕ್ಕನ ಉಸಿರು. ಅವನನ್ನು ನೋಡಿ ಉಳಿದ ರೋಗಿಗಳ ಮನೆಯವರೂ ಮಂಚದ ಕೆಳಗಿನಿಂದ ಹೊರಬಂದರು. ಯಾರೋ ಸ್ಟೂಲು ಎತ್ತಿದರು, ಯಾರೋ ಬೆಡ್‌ಪ್ಯಾನು. ಜಂಬವ್ವ ಫಿನಾಯಿಲಿನ ಬಕೆಟ್ಟನ್ನು ರಾಡಿನವನ ಮುಖಕ್ಕೆ ಎರಚಿದಳು. ಅವನು ಕಣ್ಣು ಹಿಡಿದುಕೊಂಡು ಹೋರಿಯ ಹಾಗೆ ಗೂಳಿಡುತ್ತ ಗಾಜಿನ ಮೇಲೆ ಕೂತ.

ಸುಂಕಪ್ಪ ಇದೇ ಗದ್ದಲದಲ್ಲಿ ಹಂಪಕ್ಕನ ಗಂಟಲ ಕೊಳವೆಗೆ ಕೈ ಹಾಕಿದ. ಗಂಗಾಂಬಿಕಾ ಆ ಕೈಯನ್ನು ಕಚ್ಚಿದಳು. ಹೌದು, ಎಂಡಿ ಓದಿದ ಡಾಕ್ಟರು, ಕಚ್ಚಿದಳು. ಕಚ್ಚಿದಾಗ ನಾಲಗೆಗೆ ಆ ವಿಷದ ಎಣ್ಣೆಯ ಕಹಿ ತಾಗಿತು. ಥೂ ಅಂತ ಉಗಿದು ತಲೆಯೆತ್ತಿ ನೋಡಿದರೆ ಅವನ ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿದೆ, ಬಾಯಿಂದ ಜೊಲ್ಲು ಸೋರುತ್ತಿದೆ, ಕಣ್ಣಿನ ಪಾಪೆ ಸೂಜಿಮೊನೆ. ಹಂಪಕ್ಕ ಸುಮ್ಮನೆ ಕುಡಿಸಿಕೊಂಡಿರಲಿಲ್ಲ, ಒದ್ದಾಡಿ ಉಗುಳಿದ್ದಳು. ಅದೆಲ್ಲ ಅವನ ಅಂಗಿಗೆ ಬಿದ್ದಿತ್ತು. ಆ ಒದ್ದೆ ಅಂಗಿಯಲ್ಲೇ ಎರಡು ತಾಸು ಬಿಸಿಲಲ್ಲಿ ತಿರುಗಿದ್ದ. ಕಾಲು ಕುಸಿದು, ಅಲ್ಲೇ ಕಕ್ಕಿಕೊಂಡು, ಮಂಚದ ಪಕ್ಕಕ್ಕೆ ಬಿದ್ದ. ಬಾಯಲ್ಲಿ ನೊರೆ ಕಂಡದ್ದೇ ತಡ, ವಿಷ ಗಾಳಿಗೆ ಬಂದೈತಿ ಅಂತ ಯಾರೋ ಒದರಿದ. ಆ ಶೂರರೆಲ್ಲ ಕಾಲಿಗೆ ಬುದ್ಧಿ ಹೇಳಿದರು. ರಾಡು ಅಲ್ಲೇ ಉಳಿಯಿತು.

 ಉಜ್ಜಿನಪ್ಪ ಒತ್ತುತ್ತಿದ್ದ ಚೀಲದ ಫುಸ್ ಫುಸ್ ಒಂದೇ ಕೇಳುತ್ತಿತ್ತು. ನೆಲದ ಮೇಲೆ ಸುಂಕಪ್ಪ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ. ಗಂಗಾಂಬಿಕಾ ಮುರಿದ ಕೈಯನ್ನು ಎದೆಗೊತ್ತಿಕೊಂಡು ಅವನನ್ನೇ ನೋಡಿದಳು. ಬಿಟ್ಟರೆ ಇನ್ನೊಂದು ಅರ್ಧ ತಾಸು. ಯಾರೂ ಕೇಳುವವರಿಲ್ಲ. ಬಿಡಬೇಕು ಅಂತ ಆಕೆಗೆ ಮನಸ್ಸಾಯಿತು, ಸುಳ್ಳು ಯಾಕೆ ಹೇಳಬೇಕು, ಪೂರ್ತಿ ಮನಸ್ಸಾಯಿತು.

"ಬಿಡ್ರಿ ಮೇಡಂ, ಸಾಯ್ಲಿ," ಅಂದಳು ಜಂಬವ್ವ.

"ಈ ಬೋರ್ಡಿನ ಕೆಳಗ ಬಿದ್ದಾನ," ಅಂದಳು ಗಂಗಾಂಬಿಕಾ, ಹಲ್ಲು ಕಚ್ಚಿ. "ಅಂಗಿ ಹರದು ತೆಗಿ. ಸೋಪ್ ಹಚ್ಚು."

ಒಡೆಯದೆ ಉಳಿದಿದ್ದ ಮದ್ದಿನಲ್ಲಿ ಇಬ್ಬರಿಗೂ ಹಂಚಿ, ಒಂದೇ ಕೈಯಲ್ಲಿ ಸೂಜಿ ಚುಚ್ಚಿದಳು. ಅವನನ್ನು ಬೈದಷ್ಟು ಆಕೆ ಜನ್ಮದಲ್ಲಿ ಯಾರನ್ನೂ ಬೈದಿರಲಿಕ್ಕಿಲ್ಲ. ಪ್ರತಿ ಸೂಜಿಗೂ ಒಂದೊಂದು ಬೈಗುಳ. ಅವನಿಗೆ ಹತ್ತಿದ್ದು ಚರ್ಮದಿಂದ ಒಳಗೆ ಹೋದಷ್ಟೇ ಆದ್ದರಿಂದ ಎರಡು ದಿನಕ್ಕೆ ಎದ್ದು ಕೂತ.

ನರ್ಸು ಫೋನು ಮಾಡಿದ ಮೇಲೆ, ಲಾರಿಗಳ ಜಾಮಿನಲ್ಲಿ ಸಿಕ್ಕು ಪೊಲೀಸರು ಬಂದಾಗ ಮುಕ್ಕಾಲು ಗಂಟೆ ಆಗಿತ್ತು. ಗಂಗಾಂಬಿಕಾ ಕಿವಿಯ ವಿಷ, ಎದೆಯ ನೀಲಿ, ಹಲ್ಲು, ಎಲ್ಲ ಹೇಳಿದಳು. ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯನೇ, ಎಲ್ಲ ಬರೆದುಕೊಂಡರು, ಸುಂಕಪ್ಪ ಎದ್ದು ಕೂತ ಮೇಲೆ ಅವನನ್ನೂ ವಿಚಾರಿಸಿದರು. ಆದರೆ ಅವನು ಎತ್ತಿಕೊಂಡು ಬಂದಾಗ ಮೈಮೇಲೆ ಬಿತ್ತು ಅಂತಾನೆ, ಅವಳು ಮಲಗಿಕೊಂಡೇ ಕುಡಿದಳು ಅಂತಾನೆ, ಮನೆಯಲ್ಲಿ ನೋಡಿದವರು ಯಾರೂ ಇಲ್ಲ. ಆಕೆಯ ಬಾಯಿ ಬರಲಿ ಮೇಡಂ, ಆಕೆ ಹೇಳಿದ ಒಂದು ಮಾತಿನ ಮೇಲೆ ನಿಂತಿದೆ ಎಲ್ಲ ಅಂದರು. ಆಸ್ಪತ್ರೆ ಒಡೆದದ್ದಕ್ಕೆ ನಾಲ್ವರನ್ನು ಹಿಡಿದರು. ಸುಂಕಪ್ಪ ಮಾತ್ರ, ಬುದ್ಧಿ ಕೆಟ್ಟಿತ್ತು ಸಾಹೇಬ್ರ, ವಿಷ ತಲೆಗೇರಿತ್ತು ಅಂತ ಕೈ ಮುಗಿದು, ಜಾಮೀನು ತೆಗೆದುಕೊಂಡು ಮನೆಗೆ ಹೋದ.

ಐದು ದಿನ. ಹಂಪಕ್ಕನ ಚೀಲವನ್ನು ವಾರ್ಡಿನ ಜನವೇ ಸರದಿ ಹಾಕಿಕೊಂಡು ಒತ್ತಿದರು. ಮೂರನೆಯ ದಿನ ಒಂದು ಯಂತ್ರ ಖಾಲಿಯಾಯಿತು, ಉಳಿದ ದಿನ ಅದು ಉಸಿರಾಡಿಸಿತು. ಗಂಗಾಂಬಿಕಾ ಕೈಗೆ ಪಟ್ಟಿ ಕಟ್ಟಿಸಿಕೊಂಡು ವಾರ್ಡಿನಲ್ಲೇ ಇದ್ದಳು. ಈ ಹೆಂಗಸು ಬದುಕಬೇಕು, ಬದುಕಿ ಬಾಯಿಬಿಡಬೇಕು, ಅವನ ಕೈಗೆ ಬೇಡಿ ಬೀಳಬೇಕು. ಆಕೆಗೆ ಅನ್ನಕ್ಕಿಂತ ಅದು ಬೇಕಾಗಿತ್ತು. ಆರನೆಯ ದಿನ ಕೊಳವೆ ತೆಗೆದಳು. ಹಂಪಕ್ಕ ನೀರು ಕೇಳಿದಳು, ಕುಡಿದಳು.

ಅವತ್ತೇ ಸುಂಕಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಬಾಗಿಲಲ್ಲಿ ಪೊಲೀಸಿನವನಿದ್ದ, ಗಂಗಾಂಬಿಕಾ ಹಂಪಕ್ಕನ ನಾಡಿ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅವನು ಮಂಚದ ತುದಿಯಿಂದಲೇ ಮಾತಾಡಿಸಿದ.

"ಸುನಿತಾ ಚೊಲೋ ಅದಾಳವ್ವ. ನಮ್ಮ ಮನ್ಯಾಗ, ನನ್ನ ಮಗ್ಗಲದಾಗ ಮಲಗ್ತಾಳ. ನೀ ಏನೂ ಚಿಂತಿ ಮಾಡಬ್ಯಾಡ."

ಹಂಪಕ್ಕನ ನಾಡಿ ಗಂಗಾಂಬಿಕಾಳ ಬೆರಳ ಕೆಳಗೆ ಕುದುರೆಯ ಹಾಗೆ ಓಡಿತು. ಆಕೆ ಅದನ್ನು ಸಿಟ್ಟು ಅಂದುಕೊಂಡಳು. ಸಿಟ್ಟಿನವರಿಗೆ ಎಲ್ಲರದೂ ಸಿಟ್ಟೇ ಕಾಣುತ್ತದೆ. ಗದರಿಸಿ ಅವನನ್ನು ಹೊರಗೆ ಕಳಿಸಿದಳು.

ಮಧ್ಯಾಹ್ನ ತಹಶೀಲ್ದಾರರು ಹೇಳಿಕೆ ಬರೆದುಕೊಳ್ಳಲು ಬಂದರು. ಈಕೆಗೆ ಪೂರ್ಣ ಪ್ರಜ್ಞೆ ಇದೆ, ಮಾತಾಡಲು ಶಕ್ತಳಿದ್ದಾಳೆ ಅಂತ ಗಂಗಾಂಬಿಕಾ ಖುಷಿಯಿಂದಲೇ ಬರೆದು ರುಜು ಹಾಕಿದಳು. ತಹಶೀಲ್ದಾರರು ಏನಾಯಿತಮ್ಮಾ ಅಂತ ಕೇಳಿದರು. ಹಂಪಕ್ಕ ಛಾವಣಿ ನೋಡುತ್ತ ಹೇಳಿದಳು.

"ನಾನಽ ಕುಡದೀನ್ರಿ. ಹೊಟ್ಟಿನೋವಿತ್ತು."

ಹೆಬ್ಬೆಟ್ಟು ಒತ್ತಿದಳು. ತಹಶೀಲ್ದಾರರು ಹಾಳೆ ಮಡಚಿಕೊಂಡು ಹೋದರು.

 ಆಮೇಲೆ ಶುರುವಾಯಿತು ನೋಡಿ ಗಂಗಾಂಬಿಕಾಳ ಬೈಗುಳ. ಉಜ್ಜಿನಪ್ಪನ ಬೆನ್ನು ತೋರಿಸಿದಳು, ಕಾವಲುಗಾರನ ಹನ್ನೊಂದು ಹೊಲಿಗೆ ಹೇಳಿದಳು, ತನ್ನ ಕೈಯನ್ನು ಅವಳ ಮುಖಕ್ಕೆ ಹಿಡಿದಳು. ಹಂಪಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಭುಜ ಮಾತ್ರ ಅಲುಗುತ್ತಿತ್ತು. ಜಂಬವ್ವನಿಗೆ ತಡೆಯಲಾಗಲಿಲ್ಲ. ಡಾಕ್ಟ್ರಮ್ಮನನ್ನು ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

"ಆಕಿಗೆ ಎಂಟು ವರ್ಷದ ಮಗಳು ಐತ್ರಿ. ಅದು ಯಾರ ಮನ್ಯಾಗೈತಿ ಅಂತ ನಿಮಗ ತಿಳೀಲಿಲ್ಲೇನು?"

ಗಂಗಾಂಬಿಕಾ ಅಲ್ಲೇ ಬೆಂಚಿನ ಮೇಲೆ ಕೂತಳು. ಸುನಿತಾ. ನನ್ನ ಮಗ್ಗಲದಾಗ ಮಲಗ್ತಾಳ. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಅವನು ನನ್ನ ಕಿವಿಯ ಮುಂದೆಯೇ ಹೇಳಿ ಹೋದನಲ್ಲ ಅಂತ ಹಣೆ ಬಡಿದುಕೊಂಡಳು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು. ಇನ್ಸ್‌ಪೆಕ್ಟರಿಗೆ ಫೋನು ಮಾಡಿದಳು. ದೊಡ್ಡಪ್ಪನ ಮನೆಯಲ್ಲಿರುವ ಮಗುವನ್ನು, ತಾಯಿಯೇ ಹೀಗೆ ಹೇಳಿಕೆ ಕೊಟ್ಟ ಮೇಲೆ, ಯಾವ ಆಧಾರದ ಮೇಲೆ ತರಲಿ ಅಂದರು. ಅವರು ಕೇಳಿದ್ದೂ ತಪ್ಪಲ್ಲ.

ಮಾರನೆಯ ಬೆಳಿಗ್ಗೆ ಸುಂಕಪ್ಪ ನಗುನಗುತ್ತ ಬಂದ. ಹೇಳಿಕೆಯ ಸುದ್ದಿ ಅವನಿಗೆ ತಲುಪಿತ್ತು. ಡಿಸ್ಚಾರ್ಜ್ ಮಾಡಿರಿ ಮೇಡಂ, ಮನೆಗೆ ಕರೆದುಕೊಂಡು ಹೋಗಿ ಆರೈಕೆ ಮಾಡುತ್ತೇವೆ ಅಂದ. ಗಂಗಾಂಬಿಕಾ ಬೈಯಲಿಲ್ಲ. ಅದೇ ಅವನಿಗೆ ಮೊದಲ ಆಶ್ಚರ್ಯ. ಕುಂದ್ರಿ ಅಂದಳು. ನಾಡಿ ಹಿಡಿದಳು. ಬ್ಯಾಟರಿ ಬಿಟ್ಟು ಅವನ ಕಣ್ಣು ನೋಡಿದಳು. ನಾಲಗೆ ಚಾಚಿಸಿದಳು. ಆಮೇಲೆ ಲೊಚಗುಟ್ಟಿ ಸುಮ್ಮನಾದಳು.

ಈ ಸೀಮೆಯಲ್ಲಿ ಒಂದು ನಂಬಿಕೆ. ವಿಷ ತಗುಲಿದವರ ಮೈಯಲ್ಲಿ ಅದು ಆರು ತಿಂಗಳು ಅಡಗಿ ಕೂತಿರುತ್ತದೆ, ಹುಳಿ ತಿಂದರೆ ಕೆರಳುತ್ತದೆ, ಬದನೆಕಾಯಿ ತಿಂದರೆ ಏಳುತ್ತದೆ, ಒಬ್ಬರ ಮೈಯಿಂದ ಒಬ್ಬರಿಗೆ ಹತ್ತುತ್ತದೆ. ಗುಣವಾದವರನ್ನು ಮನೆಯವರು ತಿಂಗಳುಗಟ್ಟಲೆ ಬೇರೆ ತಟ್ಟೆಯಲ್ಲಿ ಉಣ್ಣಿಸುವುದನ್ನು ಕಂಡು, ಇದೆಲ್ಲ ಬೊಗಳೆ ಕಣ್ರಪ್ಪ ಅಂತ ಗಂಗಾಂಬಿಕಾ ಇಪ್ಪತ್ತು ವರ್ಷ ಗಂಟಲು ಹರಿದುಕೊಂಡಿದ್ದಳು. ಅವತ್ತು ಮಾತ್ರ ಮುಖ ಗಂಟು ಹಾಕಿಕೊಂಡು ಅದನ್ನೇ ಹೇಳಿದಳು.

"ನಿಮ್ಮ ಮೈಯಾಗ ಇನ್ನೂ ಉಳದೈತ್ರಿ. ಮನ್ಯಾಗ ನಿಮ್ಮ ಮಗ್ಗಲದಾಗ ಯಾರರ ಮಲಗ್ತಾರೇನು? ಸಣ್ಣ ಮಕ್ಕಳು?"

ಸುಂಕಪ್ಪನ ನಗೆ ಆರಿತು. ಮಲಗ್ತದ, ಒಂದು ಹುಡುಗಿ ಅಂದ.

"ಹಂಗಾರ ಅದರ ಮೈಗೆ ಹೋಗಿರ್ತದ. ಸಣ್ಣೋರ ಮೈಯಾಗ ಜಲ್ದಿ ಬಲೀತದ, ಬಲಿತು ತಿರುಗಿ ದೊಡ್ಡೋರಿಗೆ ಬರ್ತದ. ಎರಡನೇ ಸಲ ಬಂತಂದ್ರ ನನ್ನ ಮದ್ದು ನಾಟಂಗಿಲ್ಲ. ನೀವು ಅವತ್ತು ಬಿದ್ದದ್ದು ನೆನಪೈತೆಲ್ಲ?"

ನೆನಪಿಲ್ಲದೆ ಏನು. ಉಸಿರು ಸಿಗದೆ ನೆಲದ ಮೇಲೆ ಹೊರಳಿದ ಆ ಅರ್ಧ ತಾಸನ್ನು ಅವನು ಕನಸಿನಲ್ಲೂ ಕಾಣುತ್ತಿದ್ದ. ಹೆಂಗಸಿನ ಎದೆಯ ಮೇಲೆ ಮೊಣಕಾಲೂರಿದ ಗಂಡು ಬೆವರತೊಡಗಿದ. ಬೆವರು ಬರ್ತದ ನೋಡ್ರಿ ಅಂದಳು ಗಂಗಾಂಬಿಕಾ, ಇನ್ನಷ್ಟು ಲೊಚಗುಟ್ಟಿ. ಅವನು ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದ.

ಎರಡೇ ತಾಸಿನಲ್ಲಿ ಮನೆ ಮಂದಿಯನ್ನೆಲ್ಲ ಟ್ರ್ಯಾಕ್ಸ್‌ನಲ್ಲಿ ತುಂಬಿಕೊಂಡು ಬಂದ. ಹೆಂಡತಿ, ಮುದುಕಿ ತಾಯಿ, ಇಬ್ಬರು ಗಂಡುಮಕ್ಕಳು, ಎಲ್ಲರ ಹಿಂದೆ ಎಣ್ಣೆ ಕಾಣದ ತಲೆಯ ಒಂದು ಹುಡುಗಿ, ಅವಳನ್ನು ತನ್ನಿಂದ ಎರಡು ಮಾರು ದೂರ ಕೂರಿಸಿದ್ದ. ಗಂಗಾಂಬಿಕಾ ಗಂಭೀರವಾಗಿ ಎಲ್ಲರ ರಕ್ತ ತೆಗೆದಳು, ಎಲ್ಲರಿಗೂ ಸೋಪಿನ ಸ್ನಾನ ಮಾಡಿಸಿದಳು. ಮುದುಕಿ ಬೇಡವೆಂದರೂ ಬಿಡಲಿಲ್ಲ. ಕೊನೆಗೆ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, ಇವಳಿಗೆ ಬಲಿತುಬಿಟ್ಟಿದೆ, ಇವಳು ಇಲ್ಲೇ ಇರಬೇಕು, ನೀವು ಯಾರೂ ಮುಟ್ಟಬೇಡಿ ಅಂದಳು. ಸುಂಕಪ್ಪ ಇಟ್ಟುಕೊಳ್ಳಿರಿ ಮೇಡಂ, ಇಟ್ಟುಕೊಳ್ಳಿರಿ ಅಂತ ಹಿಂದಕ್ಕೆ ಸರಿದ.

ಹುಡುಗಿಯನ್ನು ಎತ್ತಿ ತಾಯಿಯ ಹಾಸಿಗೆಯ ಮೇಲೆ ಹಾಕಿದರು. ಹಂಪಕ್ಕ ಅಳಲಿಲ್ಲ. ಮಗಳ ಕೈ, ಕಾಲು, ಕುತ್ತಿಗೆ, ಬೆನ್ನು, ಒಂದೊಂದಾಗಿ ತಡವಿ ನೋಡಿದಳು. ಎಲ್ಲ ನೋಡಿ ಮುಗಿದ ಮೇಲೆ ಡಾಕ್ಟ್ರಮ್ಮನ ಕಡೆ ತಿರುಗಿ, ಆ ಬರೆದುಕೊಳ್ಳುವ ಸಾಹೇಬರನ್ನು ಕರೆಸಿರಿ ಅಂದಳು.

ಸಂಜೆಯ ಹೊತ್ತಿಗೆ ತಹಶೀಲ್ದಾರರು ಬೇಸರದ ಮುಖದಲ್ಲೇ ಬಂದರು. ಇನ್ಸ್‌ಪೆಕ್ಟರೂ ಬಂದರು. ಹಂಪಕ್ಕ ಸೀದಾ ಕೂತು, ಒಡೆದ ದನಿಯಲ್ಲಿ, ಒಂದು ಮಾತೂ ತಡವರಿಸದೆ ಹೇಳಿದಳು. ಗುಡ್ಡದ ಬುಡದ ತನ್ನ ಹೆಸರಿನ ಮೂರೆಕರೆಗೆ ಹೆಬ್ಬೆಟ್ಟು ಕೇಳಿದ್ದು, ತಾನು ಒಲ್ಲೆ ಅಂದದ್ದು, ಭಾವ ಎದೆಯ ಮೇಲೆ ಮೊಣಕಾಲೂರಿದ್ದು, ಹಲ್ಲು ಬಿಡದಿದ್ದಾಗ ಸೌಟಿನ ಹಿಡಿಕೆ ಹಾಕಿ ಮೀಟಿದ್ದು. ತಹಶೀಲ್ದಾರರ ಪೆನ್ನು ನಡುವೆ ಒಂದು ಸಲ ನಿಂತಿತು. ಅವರು ಕನ್ನಡಕ ತೆಗೆದು ಕೇಳಿದರು.

"ನಿನ್ನೆ ನಾನೇ ಕುಡಿದೆ ಅಂತ ಹೇಳಿದ್ದೆಯಲ್ಲಮ್ಮಾ?"

ಹಂಪಕ್ಕ ಮಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನಿನ್ನಿ ಇವಳು ಅವರ ಮನ್ಯಾಗಿದ್ಲ್ರೀ."